ಮಾಮಲೇದಾರರ ಭಾಷಣ ಮತ್ತು ನಮ್ಮ ಎತ್ತುಗಳು

ದೇವರು ಎಲ್ಲರಿಗೂ ಒಂದೊಂದು ದನಿ ಹಂಚಿದ. ನನ್ನ ಸರದಿ ಬರುವ ಹೊತ್ತಿಗೆ ದನಿಗಳು ತೀರಿಹೋಗಿದ್ದವೇನೋ, 'ಮಂದಿಯ ದನಿಯಲ್ಲೇ ಹೊಟ್ಟೆ ಹೊರೆದುಕೋ' ಎಂದು ಕಳಿಸಿಬಿಟ್ಟ. ಹೀಗಾಗಿ ಮಸಗುಪ್ಪಿಯಲ್ಲಿ ಯಾರು ಬೆಳಿಗ್ಗೆ ಏನು ಮಾತಾಡಿದರೂ ಸಂಜೆಗೆ ಅದು ನನ್ನ ಬಾಯಲ್ಲಿರುತ್ತಿತ್ತು: ಗೌಡರ ಕೆಮ್ಮು, ಮಠದ ಅಯ್ಯನವರ ಆಶೀರ್ವಾದ, ಅತ್ತೆಯ ಬೈಗುಳ. ಒಮ್ಮೆ ಮಾತ್ರ ಸ್ವಂತ ದನಿಯಲ್ಲಿ ಅವ್ವನನ್ನು ಕೂಗಿದ್ದೆ. 'ಯಾರ್ರಿ ಅವರು? ಒಳಗ ಬರ್ರಿ' ಎಂದಳು.

ಇವೆಲ್ಲಕ್ಕಿಂತ ನನಗೆ ಒಲಿದದ್ದು ಗೋಕಾಕದ ಮಾಮಲೇದಾರರ ದನಿ. ಕಬ್ಬಿಣದ ನೇಗಿಲು ಕೊಳ್ಳುವ ರೈತರಿಗೆ ಸರಕಾರ ತಗಾವಿ ಸಾಲ ಕೊಡುತ್ತದೆಂದು ಅವರು ನಮ್ಮ ಚಾವಡಿಯಲ್ಲಿ ಭಾಷಣ ಮಾಡಿದ್ದರು. ಅರ್ಧ ಬಾಯಿಂದ, ಅರ್ಧ ಮೂಗಿನಿಂದ: 'ಸಮಸ್ತ... ರೈತ ಬಾಂಧವರೇ!' ಊರ ನಡುವೆ ಇದನ್ನು ಆಡಿ ತೋರಿಸಿದರೆ ಗೌಡರು ನನ್ನ ಚರ್ಮ ಸುಲಿಯುತ್ತಿದ್ದರು. ಆದ್ದರಿಂದ ದಿನಾ ಸಂಜೆ ಎತ್ತುಗಳಿಗೆ ಹಿಂಡಿ ಇಡುವಾಗ ಅವುಗಳ ಮುಂದೆಯೇ ಭಾಷಣ ಬಿಗಿಯುತ್ತಿದ್ದೆ. ಕೈಯಲ್ಲಿ ಹಿಂಡಿಯ ಬುಟ್ಟಿ ಇದ್ದರೆ ಸಭಿಕರು ನಡುವೆ ಎದ್ದು ಹೋಗುವುದಿಲ್ಲ. ಭಾಷಣಕಾರರೆಲ್ಲ ನೆನಪಿಡಬೇಕಾದ ಸಂಗತಿ.

ಇತ್ತ ನಮ್ಮ ಬಾಳಪ್ಪ ಕಾಕಾನಿಗೆ ಆ ನೇಗಿಲು ಬೇಕೇ ಬೇಕಾಗಿತ್ತು. ಕೆಳಗಿನ ಹೊಲವನ್ನು ಕರಿಕೆ ಹುಲ್ಲು ನುಂಗಿತ್ತು. ಅದರ ಬೇರು ಪಾತಾಳದಲ್ಲಿ. ನಮ್ಮ ಕಟ್ಟಿಗೆಯ ನೇಗಿಲು ಅದರ ನೆತ್ತಿ ತುರಿಸಿ ಬರುತ್ತಿತ್ತು, ಅಷ್ಟೆ. ಕಾಕಾ ಅರ್ಜಿ ಹಾಕಿದ. ಅಷ್ಟು ಭಾರದ ನೇಗಿಲನ್ನು ಅವನ ಎತ್ತುಗಳು ಎಳೆಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಸಹಿ ಎಂದರು ಮಾಮಲೇದಾರರು. ನಮ್ಮ ಸಾರಂಗ, ಚೆನ್ನ ಎರಡೂ ನಮ್ಮ ಮನೆತನಕ್ಕೆ ತಕ್ಕ ಎತ್ತುಗಳು: ಉಣ್ಣುವಾಗ ಮುಂದು, ದುಡಿಯುವಾಗ ಹಿಂದು.

ತಾಲೂಕು ಬೋರ್ಡಿನವರು ನೇಗಿಲನ್ನು ಚಕ್ಕಡಿಯಲ್ಲಿ ತಂದಿಳಿಸಿದರು. ಮಾಮಲೇದಾರರು ಕೊಡೆ ಹಿಡಿದು ಹೊಲದ ನಡುವೆ ನಿಂತರು. ಕಾಕಾ ನೇಗಿಲಿನ ಮೇಳಿ ಹಿಡಿದು, 'ನಡಿ ನನ್ನಪ್ಪಾ!' ಎಂದ. ಎತ್ತುಗಳು ಕದಲಲಿಲ್ಲ. ಬಾರುಕೋಲು ಬೀಸಿದ. ಚೆನ್ನ ಮಲಗಲು ಮುಂಗಾಲು ಮಡಚಿತು.

'ಏನೋ ಬಾಳಪ್ಪಾ, ಎತ್ತು ನೇಗಿಲಾ ಜಗ್ಗತಾವೋ, ನೀನ ಎತ್ತ ಜಗ್ಗಾಂವೋ?' ಎಂದರು ಗೌಡರು.

'ಜರಾ ತಡೀರಿ ಗೌಡ್ರ, ಸಾಹೇಬರನ್ನ ನೋಡಿ ನಾಚಕೊಂಡಾವ್ರಿ,' ಎಂದ ಕಾಕಾ. ಆಮೇಲೆ ನನ್ನ ಕಿವಿಯಲ್ಲಿ, 'ಇದು ಸಿಗಲಿಲ್ಲಂದ್ರ ಹೊಲಾ ಕರಿಕೀಗೇ ಬರದು ಕೊಡೂದ ನೋಡಪಾ,' ಎಂದ. ಮೀಸೆ ನಡುಗುತ್ತಿತ್ತು. ಅದೊಂದನ್ನು ಮಾತ್ರ ನಾನು ಇಂದಿಗೂ ಯಾರಿಗೂ ಆಡಿ ತೋರಿಸಿಲ್ಲ.

ಸಾಲ ಕೊಡಲಾಗದಾಗ ಭಾಷಣವನ್ನಾದರೂ ಕೊಡುವುದು ದೊಡ್ಡವರ ರೂಢಿ. ಮಾಮಲೇದಾರರು ಗಂಟಲು ಸರಿಮಾಡಿಕೊಂಡು ಮೂಗಿನಿಂದ ಶುರುಮಾಡಿದರು: 'ಸಮಸ್ತ... ರೈತ ಬಾಂಧವರೇ!'

ನಾಲ್ಕೂ ಕಿವಿಗಳು ನಿಮಿರಿದವು. 'ಸರಕಾರವು...' ಎನ್ನುವಷ್ಟರಲ್ಲಿ ಎತ್ತುಗಳು ಹೊರಟೇಬಿಟ್ಟವು. ನೇಗಿಲು ಗೇಣುದ್ದ ಇಳಿದು, ಕರಿಕೆಯನ್ನು ಬೇರುಸಹಿತ ಮಗುಚುತ್ತ, ದಾರ ಹಿಡಿದಂತೆ ನೆಟ್ಟಗೆ ಮಾಮಲೇದಾರರತ್ತ ಸಾಗಿತು. ಅವರು ಹೌಹಾರಿ ಹಿಂದೆ ಸರಿದರು. ಆದರೆ ಶುರುವಾದ ಭಾಷಣವನ್ನು ನಡುವೆ ನಿಲ್ಲಿಸಿ ಅವರಿಗೆ ಗೊತ್ತಿಲ್ಲ. ಹಿಂದೆ ಸರಿಯುತ್ತಲೇ ಮಾತಾಡಿದರು. ಮಾತಾಡಿದಷ್ಟೂ ಎತ್ತುಗಳು ಜಗ್ಗಿದವು. ಬದುವಿನ ಬೇವಿನ ಮರಕ್ಕೆ ಬೆನ್ನು ತಾಗಿದಾಗಲೇ ಅವರ ಬಾಯಿ ಮುಚ್ಚಿದ್ದು, ನೇಗಿಲು ನಿಂತದ್ದು. ಸಾರಂಗ ಅವರ ಕೋಟಿನ ಕಿಸೆ ಮೂಸಿ ನೋಡಿತು.

'ಭಲೇ ಬಾಳಪ್ಪಾ!' ಎಂದರು ಮಾಮಲೇದಾರರು ಏದುಸಿರು ಬಿಡುತ್ತ. 'ಸರಕಾರದ ಮಾತಿಗೆ ಇಷ್ಟು ಮರ್ಯಾದಿ ಮನಷ್ಯಾರೂ ಕೊಡೂದಿಲ್ಲ.' ಅಲ್ಲೇ ಸಹಿ ಬಿತ್ತು.

ನೇಗಿಲು ಬಂತು, ಕರಿಕೆ ಹೋಯಿತು, ಜೋಳ ಆಳೆತ್ತರ ಬೆಳೆಯಿತು. ಆದರೆ ಆ ನೇಗಿಲಿಗೆ ಹೂಡಿದರೆ ಎತ್ತುಗಳು ಬೇರೆ ಯಾರ ಮಾತಿಗೂ ಹೆಜ್ಜೆ ಕಿತ್ತಿಡುವುದಿಲ್ಲ. ಹೀಗಾಗಿ ಉಳುಮೆಯ ದಿನವೆಲ್ಲ ನಾನು ಅವುಗಳ ಮುಂದೆ ಹಿಮ್ಮುಖವಾಗಿ ನಡೆಯುತ್ತ ಸರಕಾರದ ಪರವಾಗಿ ಅರಚುತ್ತೇನೆ. 'ಏ ಸಾಹೇಬಾ, ದನಿ ಸಣ್ಣ ಆತು, ಜರಾ ಮೂಗಿಲೆ ಮಾತಾಡ!' ಎಂದು ಹಿಂದಿನಿಂದ ಕಾಕಾ ಒದರುತ್ತಾನೆ.

ಮೊನ್ನೆ ದಣಿದು ಬಂದವನು ಅಂಗಳದಲ್ಲಿ ಕೂತು, ನನ್ನ ಸ್ವಂತ ದನಿಯಲ್ಲೇ, 'ಅವ್ವಾ, ನೀರು' ಎಂದು ಕೂಗಿದೆ. ಅವ್ವ ಬರಲಿಲ್ಲ. ಸಾರಂಗ ಹಗ್ಗ ಹರಿದುಕೊಂಡು ಬಂತು.