ಐವತ್ತೊಂದನೆಯ ಅತಿಥಿ

೧೯೪೪ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ, ಯುದ್ಧದ ರೇಷನ್ ಕಾಲದ ಮಳವಳ್ಳಿಯಲ್ಲಿ ಹುಟ್ಟುಹಬ್ಬಕ್ಕೆ ಹೆಚ್ಚುವರಿ ಸಕ್ಕರೆ ಬೇಕಾದವರು ತಾವು ಹುಟ್ಟಿರುವುದನ್ನು ಮೊದಲು ರುಜುವಾತುಪಡಿಸಬೇಕಾಗಿತ್ತು.

ಚರ್ಚಿನ ಉಪದೇಶಿ ದೇವಪುತ್ರಪ್ಪನವರು ಸಭೆಯ ಮೂವತ್ತು ಬಡಮಕ್ಕಳಿಗೆ ಕ್ರಿಸ್ಮಸ್ ಪಾಯಸದ ಮಾತು ಕೊಟ್ಟಿದ್ದರು. ವರ್ಷಕ್ಕೊಂದೇ ಸಲ ಸಿಹಿ ಕಾಣುವ ಮಕ್ಕಳು. ಅರ್ಜಿ ಬರೆದು ಒಯ್ದರು. ಪರವಾನಗಿ ಗುಮಾಸ್ತ ಕೆಂಪಸಿದ್ದಯ್ಯ ಕನ್ನಡಕ ಏರಿಸಿ ಓದಿದ.

"ಹೆಸರು ಯೇಸು. ಹುಟ್ಟಿದ್ದು ಬೆತ್ಲೆಹೇಮು. ಯಾವ ಹೋಬಳಿ?"

"ಹೊರಗಿಂದು ಸ್ವಾಮಿ."

"ವಯಸ್ಸು ಸಾವಿರದ ಒಂಬೈನೂರ ನಲವತ್ತನಾಲ್ಕು! ಅನ್ನೆರಡು ದಾಟಿದೋರಿಗೆ ಸಕ್ಕರೆ ಇಲ್ಲ ಕಣ್ರೀ. ರೂಲೇ ಇಲ್ಲ."

ಅರ್ಜಿ ವಜಾ ಆಯಿತು. ಅದೇ ದಿನ, ಸಭೆಯ ಹಿರಿಯರಾದ ಮರದ ಕಂಟ್ರಾಕ್ಟರ್ ಸಾಲೋಮನಪ್ಪನವರ ಮಗನ ಅರ್ಜಿ ಮಂಜೂರಾಯಿತು. ಮಗುವಿಗೆ ಇಪ್ಪತ್ತೈದನೇ ತಾರೀಖು ಒಂದು ವರ್ಷ ತುಂಬುತ್ತಿತ್ತು. ಮೈಸೂರಿನ ಬ್ಯಾಂಡು, ಮೂರಂತಸ್ತಿನ ಕೇಕು, ಬಾಡಿಗೆಗೆ ಒಂದು ಕುದುರೆ. ಹಿಂದಿನ ಭಾನುವಾರವಷ್ಟೇ ಉಪದೇಶಿಗಳು ದುಂದುಗಾರಿಕೆ ಪಾಪವೆಂದು ಮುಕ್ಕಾಲು ಗಂಟೆ ಬೋಧಿಸಿದ್ದರು. ಎಲ್ಲರಿಗಿಂತ ಜೋರಾಗಿ ತಲೆದೂಗಿದವರು ಸಾಲೋಮನಪ್ಪನವರೇ. ಈಗ ಉಪದೇಶಿಗಳು ನಾಚಿಕೆ ನುಂಗಿಕೊಂಡು ಸಕ್ಕರೆ ಕೇಳಲು ಅವರ ಮನೆಗೇ ಹೋದರು.

"ಅದಕ್ಯಾಕೆ ಮಕ ಸಣ್ಣಗೆ ಮಾಡ್ಕತೀರಿ? ನಿಮ್ಮ ಕ್ರಿಸ್ಮಸ್ಸೂ ನಮ್ಮ ಮಗೀದ್ರಲ್ಲೇ ಸೇರಿಸ್ಬುಡಿ" ಎಂದರು ಸಾಲೋಮನಪ್ಪ.

ಸಭಾ ಕಮಿಟಿ ವಂದನಾ ನಿರ್ಣಯ ಅಂಗೀಕರಿಸಿ ಚರ್ಚಿನ ಬಾಗಿಲಿಗೆ ಪ್ರಕಟಣೆ ಅಂಟಿಸಿತು: "ಚಿರಂಜೀವಿ ದಾನಿಯೇಲನ ಪ್ರಥಮ ವರ್ಧಂತಿ. ಅವಕಾಶವಿದ್ದಲ್ಲಿ ಕ್ರಿಸ್ತಜಯಂತಿಯನ್ನೂ ಆಚರಿಸಲಾಗುವುದು."

ಯುದ್ಧಕಾಲದ ನಿಯಮದಂತೆ ಪಂಕ್ತಿಯಲ್ಲಿ ಐವತ್ತು ಜನ ಮಾತ್ರ. ಇಪ್ಪತ್ತು ಎಲೆ ಅಧಿಕಾರಿಗಳ ಸಂಸಾರಗಳಿಗೆ, ಮೂವತ್ತು ಮಕ್ಕಳಿಗೆ. ಕೆಂಪಸಿದ್ದಯ್ಯ ಖುದ್ದಾಗಿ ತಲೆ ಎಣಿಸಿದ. ಕೊನೆಯ ಎಲೆ ಕೂಲಿಯ ಮರಿತಾಯಮ್ಮನ ಮಗಳು ರೂತಳದು. ಪಾಯಸ ಬಡಿಸಿದ್ದಾಯಿತು. ಉಪದೇಶಿಗಳು ಕಣ್ಣು ಮುಚ್ಚಿ ವಾಡಿಕೆಯ ಪ್ರಾರ್ಥನೆ ಶುರುಮಾಡಿದರು.

"ಕರ್ತನೇ ಬಾ, ಈ ಪಂಕ್ತಿಯಲ್ಲಿ ನಮ್ಮ ಅತಿಥಿಯಾಗಿರು..."

"ತಡೀರಿ" ಎಂದ ಕೆಂಪಸಿದ್ದಯ್ಯ. "ಐವತ್ತು ಭರ್ತಿ. ಇನ್ನೊಬ್ಬರನ್ನ ಕರದ್ರೆ ಒಬ್ಬರು ಏಳ್ಬೇಕು."

ಸಾಲೋಮನಪ್ಪ ಅಧಿಕಾರಿಗಳ ಸಾಲು ನೋಡಿದರು, ಮಕ್ಕಳ ಸಾಲು ನೋಡಿದರು. "ಆ ಕೊನೇ ಕೂಸ ಎಬ್ಬಿಸಿ, ಅದಕ್ಕೇನಂತೆ."

ರೂತಳು ಎರಡೂ ಕೈಯಿಂದ ಎಲೆ ಮುಚ್ಚಿಕೊಂಡಳು. ಉಪದೇಶಿಗಳು ಆ ಕೈಗಳನ್ನು ನೋಡಿದರು. ಮತ್ತೆ ಕಣ್ಣು ಮುಚ್ಚಿದರು.

"ಕರ್ತನೇ, ನಾಳೆ ಬಾ."

ಪ್ರಾರ್ಥನೆ ನಿಯಮಬದ್ಧವಾಗಿದೆಯೆಂದು ಕೆಂಪಸಿದ್ದಯ್ಯ ಷರಾ ಬರೆದ. ಸಭೆ ಒಕ್ಕೊರಲಿನಿಂದ ಆಮೆನ್ ಎಂದು ಪಾಯಸಕ್ಕೆ ಕೈಹಾಕಿತು.