ಸೀರೆ ಉಡುವ ಗಂಡಸಿನ ಪಗಾರ

ಅಂಗಡಿಯಲ್ಲಿ ಪಗಾರದ ಮಾತು ಏಳಬಾರದೆಂದು ಎಷ್ಟೇ ಹುಷಾರಾಗಿದ್ದರೂ, ಬಾಗಿಲು ತೆರೆಯುವ ಮೊದಲೇ ಅದು ಬಂದು ಮೆಟ್ಟಿಲ ಮೇಲೆ ಕೂತಿರುತ್ತದೆ. ನಾಶಿಕದಲ್ಲೊಂದು, ಸಂಭಾಜಿನಗರದಲ್ಲೊಂದು ಸೀರೆ ಅಂಗಡಿ ಇಟ್ಟವನಿಗೆ ಎರಡು ಪಟ್ಟು.

೧. ಕಲಾ

ಸಂಭಾಜಿನಗರದ ಅಂಗಡಿಯಲ್ಲಿ ಸೀರೆ ತೋರಿಸಲು ಇಬ್ಬರು. ಒಬ್ಬ ಗಂಡಸು, ಒಬ್ಬ ಹೆಣ್ಣುಮಗಳು. ಇಬ್ಬರೂ ನಮ್ಮ ಭಾಲ್ಕಿ ಕಡೆಯವರೇ. ಅವನು ಪ್ಯಾಂಟಿನ ಮೇಲೆಯೇ ಪೈಠಣಿ ಸೀರೆ ಸುತ್ತಿ, ಸೆರಗು ಹೊದ್ದು, ಕನ್ನಡಿ ಮುಂದೆ ತಿರುಗಿ ಗಿರಾಕಿಗೆ ತೋರಿಸುತ್ತಾನೆ. ಪಗಾರ ಅವನಿಗೆ ಹೆಚ್ಚು.

ಒಂದು ದಿನ ಅವಳು ಕೇಳಿದಳು: "ಸಾವ್ಕಾರ್ರೆ, ಕೆಲ್ಸ ಒಂದೇ ಅದ. ಪಗಾರ ಯಾಕ ಬ್ಯಾರೆ?"

"ಅಂವ ಸೀರಿ ಉಟ್ಟು ತೋರಸ್ತಾನ, ತಂಗಿ."

"ನಾ ದಿನಾ ಉಟಗೊಂಡೇ ಬರ್ತೀನಲ್ರಿ."

"ಅವಂದು ಕಲಾ. ನಿಂದು ಬಟ್ಟಿ."

"ಮಗಳ ಕಾಲೇಜ್ ಫೀ ಕಟ್ಟಬೇಕ್ರಿ. ಅವ್ವ ಕಟ್ಟಿದ್ರ ಕಡಿಮಿ ತಗೋತಾರೇನು?"

"ನೋಡೂಣು" ಎಂದೆ. ವ್ಯಾಪಾರದಲ್ಲಿ ಖರ್ಚಿಲ್ಲದೆ ಕೊಡಬಹುದಾದ ಮಾಲು ಅದೊಂದೇ.

೨. ನವಿಲು

ನಾಶಿಕದಿಂದ ಸಂಭಾಜಿನಗರಕ್ಕೆ ಬರುವ ದಾರಿಯಲ್ಲಿ ಯೇವಲಾ. ಅಲ್ಲೊಬ್ಬ ನೇಕಾರ ನಮಗೆ ಪೈಠಣಿ ನೇಯ್ದುಕೊಡುತ್ತಾನೆ. ಒಡಲು ಅವನದು; ಸೆರಗಿನ ನವಿಲು ನೇಯಲು ಮಗ್ಗದಲ್ಲಿ ಹೆಂಡತಿ ಕೂಡುತ್ತಾಳೆ. ಕೂಲಿ ಮಾತ್ರ ಅವನೊಬ್ಬನ ಕೈಗೆ.

"ಆಕೆಗೆ?" ಎಂದು ಒಮ್ಮೆ ಕೇಳಿದ್ದೆ.

"ಮನೆಗೆಲಸಕ್ಕೆ ಎಂಥ ಕೂಲಿ, ಸೇಠ್?" ಎಂದಿದ್ದ. ವ್ಯವಹಾರ ಬಲ್ಲವನು ಎಂದುಕೊಂಡೆ.

ಮದುವೆಯ ಸೀಜನ್ನಿನಲ್ಲಿ ಸೀರೆ ಒಯ್ಯಲು ಹೋದರೆ ಒಡಲು ತಯಾರಾಗಿತ್ತು. ಸೆರಗಿನ ಜಾಗದಲ್ಲಿ ಬರೀ ಎಳೆಗಳು.

"ನವಿಲು ಎಲ್ಲಿ?" ಎಂದೆ.

ಆತ ಮಗ್ಗ ನೋಡಿದ, ಖಾಲಿ ಒಲೆ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಸಿಟ್ಟು ಮಾಡಿಕೊಂಡು ತವರಿಗೆ ಹೋಗಿದೆ."

೩. ಪ್ಯಾಂಟು

ಬರಿಗೈಲಿ ಸಂಭಾಜಿನಗರಕ್ಕೆ ಬಂದೆ. ಮರುದಿನ ಅಂಗಡಿ ತುಂಬ ಮದುವೆ ಗಿರಾಕಿ. ಅಷ್ಟರಲ್ಲಿ ನಮ್ಮ ಹೆಣ್ಣುಮಗಳು ಬಂದಳು. ಮೈಮೇಲೆ, ವಾಳೂಜಿನ ಕಾರ್ಖಾನೆಗೆ ಹೋಗುವ ಗಂಡನ ಪ್ಯಾಂಟು, ಶರ್ಟು.

"ಏನಿದು?"

"ಈಗ ಇದರ ಮ್ಯಾಲ ಸೀರಿ ಉಟ್ರ ಕಲಾ ಆಗ್ತದಲ್ರಿ?"

ಉಟ್ಟಳು. ಸೆರಗು ಹೊದ್ದಳು. ಕನ್ನಡಿ ಮುಂದೆ ತಿರುಗಿದಳು. ನಮ್ಮ ಕಲಾವಿದನ ಮುಂದೆ ಕೂತಿದ್ದ ಹೆಂಗಸರೆಲ್ಲ ನಗುತ್ತ ಎದ್ದು ಈ ಕಡೆ ಬಂದರು. ಅವಳ ಮೈಮೇಲೇರಿದ ಪೈಠಣಿ ಒಂದೂ ಕಪಾಟಿಗೆ ವಾಪಸು ಹೋಗಲಿಲ್ಲ.

ನನಗೆ ಯೇವಲಾದ ಖಾಲಿ ಸೆರಗು ಕಣ್ಣ ಮುಂದೆ ಬಂತು. ಇವಳು ಎದುರಿನ ಅಂಗಡಿಗೆ ಹೋದರೆ ಗಿರಾಕಿಗಳೂ ಹಿಂದೆಯೇ ಹೋಗುವರು. ಸಂಜೆಯೇ ಇಬ್ಬರ ಪಗಾರ ಸಮ ಮಾಡಿದೆ. ದಯೆ ಗಿಯೆ ಏನಿಲ್ಲ, ಅದೇ ಅಗ್ಗ ಬೀಳುತ್ತಿತ್ತು.

ಮರುದಿನ ಅವಳು ಎಂದಿನಂತೆ ಸೀರೆಯಲ್ಲೇ ಬಂದಳು. ನಮ್ಮ ಕಲಾವಿದನ ಮುಖ ಮಾತ್ರ ಬಾಡಿತ್ತು.

"ಸಾವ್ಕಾರ್ರೆ, ಆಕಿ ಪ್ಯಾಂಟ್ ಹಾಕ್ಕೊಂಡು ಬಂದ್ಲು, ಪಗಾರ ಏರ್ತು. ನಾ ನಾಳಿಂದ ಮನಿಂದನೇ ಸೀರಿ ಉಟಗೊಂಡು ಬರ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಮಡಚುತ್ತಿದ್ದ ಸೀರೆಯಿಂದ ತಲೆ ಎತ್ತದೆ ಹೇಳಿದಳು:

"ಬ್ಯಾಡ್ರಿ ಅಣ್ಣಾ. ಕಡಿಮಿ ಮಾಡ್ತಾರ."