ಕ್ಯಾಸೆಟ್ಟಿನ ಅಮೆರಿಕ ಮತ್ತು ಪೊರ್ಬುಗಳ ಇಕಾಮಾ

ನಾನು ಅಮೆರಿಕಕ್ಕೆ ಹೋದವನಲ್ಲ. ಹೋಗುವ ಆಸೆಯೂ ಇಲ್ಲ, ಮಂಡಿ ನೋವು. ಆದರೆ ಕುವೈತಿನಲ್ಲಿ ನಮ್ಮ ಕಡೆಯವರಿಗೆ ಅಮೆರಿಕದ ಬಗ್ಗೆ ಎಂತ ಡೌಟು ಬಂದರೂ ಸೀದಾ ನನ್ನ ಹತ್ತಿರ ಬರ್ತಾರೆ. ನಾನು ಹೇಳ್ತೇನೆ, ಅವರು ಹಾಗೇ ಮಾಡ್ತಾರೆ, ಹಾಳಾಗ್ತಾರೆ, ಮತ್ತೆ ನನ್ನ ಹತ್ತಿರವೇ ಬರ್ತಾರೆ. ಇದು ನಿಲ್ಲುವ ಲಕ್ಷಣ ಕಾಣುವುದಿಲ್ಲ.

ಕಾರಣ ಉಂಟು. ಹವಲ್ಲಿಯ ಒಂದು ವಿಡಿಯೋ ಕ್ಯಾಸೆಟ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೂತವನು ನಾನು. ಇಂಗ್ಲಿಷ್ ಪಿಕ್ಚರ್ ನಾಲ್ಕು ಸಾವಿರ ನೋಡಿದ್ದೇನೆ. ಹೆಂಡತಿ ನಾನೂರು ಅಂತಾಳೆ. ಅವಳಿಗೆ ದೊಡ್ಡ ಲೆಕ್ಕ ಬರುವುದಿಲ್ಲ. ಅಂಗಡಿ ಮುಚ್ಚಿ ಈಗ ಅಲ್ಲಿ ಮೊಬೈಲಿನ ಕವರ್ ಮಾರ್ತಾರೆ. ನನಗೆ ವೀಸಾ ಕೊಟ್ಟ ಧಣಿ, ಕಫೀಲ್, ನನ್ನನ್ನು ಬಿಡಲಿಲ್ಲ, ಮೀನಾ ಅಬ್ದುಲ್ಲಾದಲ್ಲಿ ಅವರದ್ದೇ ಕಾಂಟ್ರ್ಯಾಕ್ಟ್ ಕಂಪನಿಯಲ್ಲಿ ಫೈಲು ಜೋಡಿಸ್ಲಿಕ್ಕೆ ಹಾಕಿದರು. ಕೆಲಸ ಬದಲಾಯ್ತು, ಹೆಸರು ಬದಲಾಗಲಿಲ್ಲ. ಈಗಲೂ ನಾನು ಎಲ್ಲರಿಗೂ ಕ್ಯಾಸೆಟ್ ಅಣ್ಣ.

ಈ ಸಲ ಬಂದದ್ದು ಪೊರ್ಬುಗಳು. ಮಂಗಳೂರಿನ ಕ್ರಿಶ್ಚಿಯನ್ನರನ್ನು ನಾವು ತುಳುವರು ಮರ್ಯಾದೆಯಿಂದ ಕರೆಯುವುದು ಹಾಗೆ. ಇವರು ನಮ್ಮ ಸೈಟಿನ ಮೆಸ್ಸಿನ ಕುಕ್. ವಯಸ್ಸು ಅರವತ್ತೊಂದು. ನಮ್ಮ ಕಂಪನಿಯಲ್ಲಿ ಅರವತ್ತು ದಾಟಿದವರ ಇಕಾಮಾ, ಅಂದರೆ ಇಲ್ಲಿ ಇರಲಿಕ್ಕೆ ಬೇಕಾದ ಪರ್ಮಿಟ್ಟು, ರಿನ್ಯೂ ಆಗಬೇಕಾದರೆ, ‘ಇವರು ಇಲ್ಲದೆ ಕೆಲಸ ನಡೆಯುವುದಿಲ್ಲ’ ಅಂತ ಒಂದು ಲೆಟರಿಗೆ ಸೈಟ್ ಮ್ಯಾನೇಜರ್ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಖಲಾಸ್, ಊರಿಗೆ ಟಿಕೆಟ್.

ಊರಿಗೆ ಹೋಗ್ಲಿಕ್ಕೆ ಎಂತ ಬೇಜಾರು ಅಂತ ನೀವು ಕೇಳಬಹುದು. ಪೊರ್ಬುಗಳ ಹೆಂಡತಿ ಇಲ್ಲಿ ನರ್ಸು, ಅವರ ಸರ್ವೀಸು ಇನ್ನೂ ಮೂರು ವರ್ಷ ಉಂಟು. ಮದುವೆಯಾಗಿ ಹನ್ನೊಂದು ವರ್ಷ ಅವರು ಇಲ್ಲಿ, ಇವರು ಊರಲ್ಲಿ. ಆಮೇಲೆ ಹೇಗೋ ಹವಲ್ಲಿಯ ಒಂದು ಸಣ್ಣ ಫ್ಲ್ಯಾಟಲ್ಲಿ ಒಟ್ಟಾದವರು.

“ಮತ್ತೆ ಬೇರೆ ಇರ್ಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ರೆ. ಈ ವಯಸ್ಸಲ್ಲಿ ಫೋನಲ್ಲಿ ಎಂತ ಸಂಸಾರ?” ಅಂದರು.

ಸಹಿ ಹಾಕಬೇಕಾದವ ಅಮೆರಿಕದ ಸಾಹೇಬ. ಬಂದು ಎಂಟು ತಿಂಗಳಾಗಿತ್ತು. ನಗುವುದಿಲ್ಲ, ಮಾತಾಡುವುದಿಲ್ಲ, ಮೆಸ್ಸಿನ ಕಡೆ ತಲೆ ಹಾಕುವುದಿಲ್ಲ. ವಯಸ್ಸಾದವರನ್ನು ಕಮ್ಮಿ ಮಾಡು ಅಂತ ಹೆಡ್ಡಾಫೀಸಿನವರು ಅವನ ಕುತ್ತಿಗೆ ಮೇಲೆ ಕೂತಿದ್ದರು. ಲೆಟರ್ ಎದುರಿಗಿಟ್ಟರೆ ‘ನಾಳೆ’ ಅಂತಿದ್ದ. ಇಕಾಮಾ ಮುಗಿಯಲಿಕ್ಕೆ ಇದ್ದದ್ದು ಮೂರು ತಿಂಗಳು.

“ಕ್ಯಾಸೆಟ್ ಅಣ್ಣ, ಇವನನ್ನು ಹಿಡಿಯುದು ಹೇಗೆ?”

“ನನ್ನ ಹತ್ತಿರ ಬಂದಿರಲ್ಲ, ಇನ್ನು ಹೆದರ್ಬೇಡಿ” ಅಂದೆ. ಹೆದರಬೇಕಾದ ಸಮಯ ಅದೇ ಆಗಿತ್ತು.

ಒಂದು ಟೋಸ್ಟು

“ಬೆಳಿಗ್ಗೆ ಒಳ್ಳೆ ತಿಂಡಿ ಕಳಿಸಿದ್ರೆ ಹೇಗೆ?” ಅಂತ ಕೇಳಿದರು ಪೊರ್ಬುಗಳು.

“ಅಯ್ಯೋ, ಆ ತಪ್ಪು ಮಾತ್ರ ಮಾಡ್ಬೇಡಿ. ನಾಲ್ಕು ಸಾವಿರ ಪಿಕ್ಚರಲ್ಲಿ ಒಬ್ಬ ಅಮೆರಿಕದವ ಕೂತು ತಿಂಡಿ ತಿಂದದ್ದು ನಾನು ಕಾಣಲಿಲ್ಲ. ಹೆಂಡತಿ ಮೇಜು ತುಂಬ ಮಾಡಿಟ್ಟಿರ್ತಾಳೆ. ಗಂಡ ಟೈ ಕಟ್ಟಿಕೊಳ್ತಾ ಬರ್ತಾನೆ, ಒಂದು ಟೋಸ್ಟು ಕಚ್ಚುತ್ತಾನೆ, ವಾಚ್ ನೋಡ್ತಾನೆ, ಓಡ್ತಾನೆ. ಕೂತು ತಿನ್ನುವವನಿಗೆ ಅಲ್ಲಿ ಕೆಲಸ ಇಲ್ಲ ಅಂತ ಅರ್ಥ.”

ಮರುದಿನ ಸಾಹೇಬ ಕಾರಿಂದ ಇಳಿಯುವಾಗ ಪೊರ್ಬುಗಳು ಟಿಶ್ಯೂ ಪೇಪರಲ್ಲಿ ಒಂದೇ ಒಂದು ಟೋಸ್ಟು ಹಿಡಿದು ಆಫೀಸಿನ ಬಾಗಿಲಲ್ಲಿ ನಿಂತಿದ್ದರು. ಸಾಹೇಬ ಪಾಪ, ತೆಗೆದುಕೊಂಡು ಒಂದು ಕಚ್ಚಿದ. ಪೊರ್ಬುಗಳು ಅವನ ವಾಚಿಗೆ ಬೆರಳು ತೋರಿಸಿ, “ಲೇಟ್ ಸಾರ್, ಗೋ ಗೋ! ಯಲ್ಲಾ!” ಅಂತ ಓಡಿಸಿದರು. ಸಾಹೇಬ ಓಡಿದ. ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಆಫೀಸು ನೋಡಿಕೊಳ್ಳುವ ಮುದೀರ್, ಈಜಿಪ್ಟಿನವರು, ಅವ ನಡೆದದ್ದು ಅಂತಾರೆ. ಅವರ ಕಣ್ಣಿಗೆ ಆಪರೇಶನ್ ಆಗಿದೆ.

ಮೂರು ದಿನ ಹೀಗೇ ಓಡಿಸಿದರು. ನಾಲ್ಕನೇ ದಿನ ಮೆಸ್ಸಲ್ಲಿ ನಾವೆಲ್ಲ ನೀರುದೋಸೆ, ಬಂಗುಡೆ ಮೀನಿನ ಗಸಿ ತಿನ್ನುತ್ತಿದ್ದೆವು. ಬಾಗಿಲಲ್ಲಿ ಸಾಹೇಬ. ಕೈಯಲ್ಲಿ ಅವನದ್ದೇ ಒಂದು ಪ್ಲೇಟು. ಮೆಲ್ಲಗೆ ಕೇಳಿದ, “ದಯವಿಟ್ಟು, ನಾನು ಕೂತು ತಿನ್ನಬಹುದಾ?”

ಹದಿನೇಳು ನೀರುದೋಸೆ ತಿಂದ. ಇಲ್ಲಿಗೆ ಬಂದ ದಿನದಿಂದ ಕಾರಲ್ಲಿ ಕೂತು ಬಿಸ್ಕೆಟ್ ತಿನ್ನುತ್ತಿದ್ದನಂತೆ, ಮೆಸ್ಸಿಗೆ ಯಾರೂ ಕರೆಯಲಿಲ್ಲವಂತೆ.

ಪೊರ್ಬುಗಳು ಕಾವಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. “ನಿಮ್ಮ ನಾಲ್ಕು ಸಾವಿರ ಪಿಕ್ಚರಲ್ಲಿ ಒಬ್ಬನಿಗೂ ಹಸಿವಾಗ್ಲಿಲ್ವಾ ಮಾರಾಯ್ರೆ?”

ಮುಳ್ಳಿನ ಕಾಗದ

ಆಮೇಲೆ ಸಾಹೇಬ ದಿನಾ ಬರಲಿಕ್ಕೆ ಶುರು ಮಾಡಿದ. ಮೀನೇ ಬೇಕು ಅವನಿಗೆ. ಈಗ ನನಗೆ ಹೆದರಿಕೆ ಶುರುವಾಯ್ತು.

ಪಿಕ್ಚರ್ ಮಾತ್ರ ಅಲ್ಲ, ನಾನು ಪುಸ್ತಕವೂ ಓದಿದವನು. ಕಾಂಟ್ರ್ಯಾಕ್ಟ್ ಮುಗಿಸಿ ಹೋಗುವ ಇಂಜಿನಿಯರುಗಳು ಬಿಟ್ಟುಹೋದ ಅಮೆರಿಕದ ಕಾದಂಬರಿಗಳು ನಮ್ಮ ಸ್ಟೋರಿನಲ್ಲಿ ಎರಡು ಗೋಣಿ ಉಂಟು. ಇಟ್ಟಿಗೆಯ ಹಾಗೆ ದಪ್ಪ. ಯಾವುದನ್ನು ತೆರೆದರೂ ಮೂರನೇ ಪುಟದಲ್ಲಿ ವಕೀಲ. ಜಾರಿ ಬಿದ್ದರೆ ಕೇಸು, ನಾಯಿ ಕಚ್ಚಿದರೆ ಕೇಸು, ನಾಯಿಗೆ ಕಚ್ಚಿದರೂ ಕೇಸು.

“ಪೊರ್ಬುಗಳೇ, ಬಂಗುಡೆಯ ಮುಳ್ಳು ಅವನ ಗಂಟಲಿಗೆ ಸಿಕ್ಕಿದ್ರೆ ನೀವು ಊರಿಗಲ್ಲ, ಜೈಲಿಗೆ ಹೋಗುದು.”

ಅವರು ಕೈಯಲ್ಲಿದ್ದ ಬಂಗುಡೆಯನ್ನು ಕೆಳಗಿಟ್ಟರು. ನಾನೇ ಕೂತು ಇಂಗ್ಲಿಷಲ್ಲಿ ಒಂದು ಪುಟ ಟೈಪ್ ಮಾಡಿದೆ. ಈ ಮೀನಿಗೆ ಮುಳ್ಳು ಇರುತ್ತದೆಂದು ನನಗೆ ತಿಳಿಸಲಾಗಿದೆ, ಮುಳ್ಳಿನಿಂದ ಆಗುವ ಯಾವ ತೊಂದರೆಗೂ ಕುಕ್ ಜವಾಬ್ದಾರರಲ್ಲ, ಅವರ ಹೆಂಡತಿ ಮಕ್ಕಳೂ ಜವಾಬ್ದಾರರಲ್ಲ, ಮೀನೂ ಅಲ್ಲ. ಮಧ್ಯಾಹ್ನ ಪೊರ್ಬುಗಳು ಮೀನಿನ ಬಟ್ಟಲನ್ನು ಬೆನ್ನ ಹಿಂದೆ ಹಿಡಿದುಕೊಂಡು ಕಾಗದ ಮುಂದಿಟ್ಟರು.

ಸಾಹೇಬ ಕನ್ನಡಕ ಹಾಕಿ ಪೂರ್ತಿ ಓದಿದ. ನಗಲಿಲ್ಲ. “ನನ್ನ ಡೈವೋರ್ಸಿನ ಕಾಗದವನ್ನು ನಾನು ಇಷ್ಟು ಜಾಗ್ರತೆಯಲ್ಲಿ ಓದಿರಲಿಲ್ಲ” ಅಂದ. ಜೇಬಿಂದ ಪೆನ್ನು ತೆಗೆದು ಸಹಿ ಹಾಕಿದ, ತಾರೀಕು ಬರೆದ, ಬಟ್ಟಲಿಗೆ ಕೈ ಚಾಚಿದ.

ಪೆನ್ನು ಹೊರಗೆ ಇರುವಾಗಲೇ ಆಗಲಿ ಅಂತ ಪೊರ್ಬುಗಳು ಇಕಾಮಾದ ಲೆಟರನ್ನೂ ಮೆಲ್ಲಗೆ ಮುಂದೆ ದೂಡಿದರು. ಸಾಹೇಬ ನೋಡಿದ. ಪೆನ್ನಿಗೆ ಮುಚ್ಚಳ ಹಾಕಿದ. “ನಾಳೆ.”

ಪೊರ್ಬುಗಳು ಅಡುಗೆಮನೆಗೆ ಬಂದು ಈರುಳ್ಳಿ ಚೀಲದ ಮೇಲೆ ಕುಕ್ಕರಿಸಿದರು. “ನೋಡಿ ಅಣ್ಣ. ಮುಳ್ಳಿಗೆ ಸಹಿ ಹಾಕಿದ, ಮನುಷ್ಯನಿಗೆ ಹಾಕ್ಲಿಲ್ಲ.”

ಬಾಗಿಲು ಬಡಿಯಬಾರದು

ಎರಡು ತಿಂಗಳು ಹೋಯ್ತು. ಪೊರ್ಬುಗಳ ಹೆಂಡತಿ ಆಗಲೇ ಸೂಟ್‌ಕೇಸ್ ಒರೆಸಿ ಇಟ್ಟಿದ್ದರು. ಅದನ್ನು ನೋಡಿ ಬಂದ ದಿನ ಪೊರ್ಬುಗಳು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದರು.

ಆಫೀಸಲ್ಲಿ ಆಗದ ಕೆಲಸ ಮನೆಯಲ್ಲಿ ಆಗ್ತದೆ ಅಂತ ನಾನು ಹೇಳಿದೆ. ಟಿವಿಯ ಕಾಮಿಡಿಗಳಲ್ಲಿ ನೋಡಿಲ್ಲವಾ, ಅಮೆರಿಕದಲ್ಲಿ ಸ್ನೇಹಿತರು ಬೆಲ್ ಒತ್ತುವುದಿಲ್ಲ. ಬಾಗಿಲು ದೂಡ್ತಾರೆ, ಸೀದಾ ಫ್ರಿಜ್ ತೆಗೀತಾರೆ, ಸಿಕ್ಕಿದ್ದು ತಿಂತಾರೆ. ಬೆಲ್ ಒತ್ತಿದರೆ ಪರಕೀಯ, ಪೊಲೀಸ್ ಕರೀತಾರೆ.

ಶುಕ್ರವಾರ ಪೊರ್ಬುಗಳು ಇಗರ್ಜಿಯಲ್ಲಿ ಪೂಜೆ ಮುಗಿಸಿ ಅದೇ ಇಸ್ತ್ರಿ ಅಂಗಿಯಲ್ಲಿ ಬಂದರು. ಸಾಹೇಬನ ಫ್ಲ್ಯಾಟು ಸಮುದ್ರದ ಬದಿಯಲ್ಲಿ. ಹೊರಗೆ ಧೂಳು ಎದ್ದು ಸಮುದ್ರವೇ ಕಾಣುತ್ತಿರಲಿಲ್ಲ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ದೂಡಿದೆವು, ಒಳಗೆ ಹೋದೆವು, ಫ್ರಿಜ್ ತೆಗೆದೆವು. ಅರ್ಧ ನಿಂಬೆಹಣ್ಣು, ನೀರಿನ ಬಾಟ್ಲಿ. ನಿಂಬೆಹಣ್ಣು ಒಣಗಿ ಕಲ್ಲಾಗಿತ್ತು.

ತಿರುಗಿ ನೋಡಿದರೆ ಸೋಫಾದ ಮೇಲೆ ಸಾಹೇಬ. ಬನಿಯನ್ನಲ್ಲಿದ್ದ. ಪರದೆ ಎಳೆದು ಟಿವಿ ನೋಡುತ್ತಿದ್ದ. ಟಿವಿಯಲ್ಲಿ ಇಬ್ಬರು ಬಾಗಿಲು ದೂಡಿ ಒಳಗೆ ಬಂದು ಫ್ರಿಜ್ ತೆಗೀತಾ ಇದ್ದರು.

“ಸಾರ್, ಹೇಳದೆ ಬಂದೆವು” ಅಂದೆ. “ನಿಮ್ಮ ದೇಶದ ಕ್ರಮ ಅಂತ.”

“ಟಿವಿಯಲ್ಲಿ ಮಾತ್ರ” ಅಂದ ಸಾಹೇಬ. “ನಾನು ಹತ್ತೊಂಬತ್ತು ವರ್ಷ ಇದ್ದ ಮನೆಯ ಪಕ್ಕದವನ ಹೆಸರು ನನಗೆ ಗೊತ್ತಿಲ್ಲ. ನನ್ನ ಫ್ರಿಜ್ ತೆಗೆದವರು ನೀವೇ ಮೊದಲು.”

ಏನಾದರೂ ಸಮಾಧಾನ ಹೇಳಬೇಕಲ್ಲ. ಕ್ಯಾಸೆಟ್ಟಿನ ಕಾಲದ ಕತೆ ತೆಗೆದೆ. ಆಗ ಇಲ್ಲಿ ಸಿಗುವ ಕ್ಯಾಸೆಟ್ಟಲ್ಲಿ ಮುತ್ತು ಕೊಡುವ ಸೀನೆಲ್ಲ ಕತ್ತರಿಸಿಯೇ ಬರುತ್ತಿತ್ತು. ಗಂಡಹೆಂಡತಿ ಭಯಂಕರ ಜಗಳ ಮಾಡುತ್ತಿದ್ದರು, ಅದು ಪೂರ್ತಿ ಇರುತ್ತಿತ್ತು. ರಾಜಿಯಾಗಲಿಕ್ಕೆ ಅಂತ ಹತ್ತಿರ ಬರುವಷ್ಟರಲ್ಲಿ ಟಕ್ ಅಂತ ಬೆಳಗಾಗಿ ಕಾರು ಓಡುತ್ತಿತ್ತು. ಹಾಗಾಗಿ ಅಮೆರಿಕದವರು ಜಗಳ ಮಾತ್ರ ಮಾಡುವುದು, ರಾಜಿ ಅಂತ ಅವರಲ್ಲಿ ಇಲ್ಲವೇ ಇಲ್ಲ ಅಂತ ನಾನು ಬಹಳ ವರ್ಷ ನಂಬಿದ್ದೆ.

ಸಾಹೇಬ ಟಿವಿಯ ಕಡೆ ನೋಡಿಕೊಂಡೇ ಹೇಳಿದ, “ನಮ್ಮ ಮನೆಯಲ್ಲೂ ಆ ಭಾಗ ಇರಲಿಲ್ಲ. ಯಾರೂ ಕತ್ತರಿಸಲಿಲ್ಲ.”

ಟಿವಿಯೊಳಗೆ ಯಾರೋ ನೂರಾರು ಮಂದಿ ಗೊಳ್ಳೆಂದು ನಕ್ಕರು. ರೂಮಲ್ಲಿ ನಾವು ಮೂವರಿದ್ದೆವು, ಒಬ್ಬನೂ ನಗಲಿಲ್ಲ. ಲೆಟರಿನ ವಿಷಯ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಪೊರ್ಬುಗಳು ಎದ್ದು ಅವನ ಅಡುಗೆಮನೆಯಲ್ಲಿ ಏನಾದರೂ ಮಾಡುವ ಅಂತ ಹುಡುಕಿದರು. ಅನ್ನ ಬೇಯಿಸಲಿಕ್ಕೆ ಒಂದು ಪಾತ್ರೆ ಕೂಡ ಇರಲಿಲ್ಲ.

ಕೆಳಗೆ ಬರುವಾಗ ಲಿಫ್ಟಿನಲ್ಲಿ ಪೊರ್ಬುಗಳು ಹೇಳಿದರು, “ಸಹಿ ಕೇಳ್ಲಿಕ್ಕೆ ಹೋಗಿ, ನಾವೇ ಅವನಿಗೆ ಎಂತಾದ್ರೂ ಕೊಟ್ಟು ಬರ್ಬೇಕಾದ ಹಾಗೆ ಆಯ್ತಲ್ಲ!”

ರಟ್ಟಿನ ಪೆಟ್ಟಿಗೆ

ಇಕಾಮಾ ಮುಗಿಯಲಿಕ್ಕೆ ಐದು ದಿನ ಇರುವಾಗ ಅದು ನಡೆದದ್ದು. ಬೆಳಿಗ್ಗೆ ಹತ್ತು ಗಂಟೆ. ನಾನು, ಪೊರ್ಬುಗಳು ಮೆಸ್ಸಲ್ಲಿ ಚಾ ಕುಡೀತಾ ಇದ್ದೆವು, ಮುದೀರೂ ಇದ್ದರು. ಸಾಹೇಬ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದು ಪೊರ್ಬುಗಳ ಎದುರು ಮೇಜಿನ ಮೇಲಿಟ್ಟ. ಏನೋ ಹೇಳಲಿಕ್ಕೆ ಹೋಗಿ, ಪೆಟ್ಟಿಗೆಯ ಮುಚ್ಚಳವನ್ನೇ ಒತ್ತುತ್ತಾ ನಿಂತ.

ನನಗೆ ಕೂಡಲೇ ಗೊತ್ತಾಯ್ತು. ಯಾವ ಪಿಕ್ಚರ್ ಬೇಕಾದರೂ ನೋಡಿ, ಅಮೆರಿಕದಲ್ಲಿ ಒಬ್ಬನ ಕೆಲಸ ಹೋದರೆ ಅವನ ಕೈಗೆ ರಟ್ಟಿನ ಪೆಟ್ಟಿಗೆ ಬರ್ತದೆ. ಸಾಮಾನು ತುಂಬಿಸು, ಹೊರಡು ಅಂತ.

“ಪೊರ್ಬುಗಳೇ, ಖಲಾಸ್” ಅಂತ ಪಿಸುಗುಟ್ಟಿದೆ. “ನಿಮ್ಮನ್ನು ತೆಗೆದ. ಇನ್ನು ಹೆದರಿಕೆ ಎಂತಕ್ಕೆ? ಕೆಲಸ ಹೋದ ದಿನ ಅಲ್ಲಿಯವರು ಬಾಸಿನ ಎದುರು ನಿಂತು ಮನಸ್ಸಲ್ಲಿ ಇದ್ದದ್ದೆಲ್ಲ ಹೇಳಿಯೇ ಹೋಗುದು. ಹೇಳಿ!”

ಮೂವತ್ತು ವರ್ಷ ‘ಯೆಸ್ ಸಾರ್’ ಬಿಟ್ಟು ಬೇರೆ ಮಾತು ಆಡದ ಮನುಷ್ಯ ಏಪ್ರನ್ ಬಿಚ್ಚಿ ನೆಲಕ್ಕೆ ಎಸೆದರು. ಕೊಂಕಣಿಯಲ್ಲಿ ಶುರು ಮಾಡಿದರು ನೋಡಿ! ನನಗೆ ಕೊಂಕಣಿ ಬರ್ತದೆ, ಅದೇ ನನ್ನ ಕರ್ಮ. ತಿಂದ ಮೀನೆಲ್ಲ ನಿನ್ನ ಹೊಟ್ಟೆಯಲ್ಲಿ ಈಜಲಿ ಅಂದರು. ನನ್ನನ್ನು ಹೆಂಡತಿಯಿಂದ ಬೇರೆ ಮಾಡಿದ ನಿನಗೆ ಮಲಗಿದಲ್ಲಿ ನಿದ್ದೆ ಬಾರದಿರಲಿ ಅಂದರು. ಅವನ ಅಮ್ಮ, ಅಜ್ಜಿ, ಅಜ್ಜಿಯ ಅಕ್ಕ, ಯಾರನ್ನೂ ಬಿಡಲಿಲ್ಲ. ಬೈತಾ ಬೈತಾ ಅವರ ಕಣ್ಣಿಂದ ನೀರು ಧಾರಾಕಾರ. ಮುಕ್ಕಾಲು ಗಂಟೆ ಬೈದರು. ಮುದೀರ್ ಐದು ನಿಮಿಷ ಅಂತಾರೆ.

ಸಾಹೇಬನಿಗೆ ಕಂಡದ್ದು ಕಣ್ಣೀರು ಮಾತ್ರ. ನನ್ನ ಕಡೆ ತಿರುಗಿ ಕೇಳಿದ, “ಏನು ಹೇಳ್ತಾ ಇದ್ದಾರೆ?”

ದೇವರು ನನಗೆ ಇಂಥ ನಾಲಗೆ ಕೊಟ್ಟದ್ದು ಆ ಒಂದು ನಿಮಿಷಕ್ಕೇ ಇರಬೇಕು. “ಸಾರ್, ಈ ಮರುಭೂಮಿಯಲ್ಲಿ ನೀವು ಅವರಿಗೆ ಒಡಹುಟ್ಟಿದ ತಮ್ಮನ ಹಾಗಂತೆ. ನೀವು ಊಟಕ್ಕೆ ಬಾರದ ದಿನ ಅವರಿಗೂ ಅನ್ನ ಇಳಿಯುದಿಲ್ಲವಂತೆ. ನಿಮ್ಮ ಮನೆಯವರನ್ನೆಲ್ಲ ಒಬ್ಬೊಬ್ಬರನ್ನೇ ನೆನೆಸಿಕೊಂಡ್ರು.”

ಸಾಹೇಬ ಕುರ್ಚಿಯಲ್ಲಿ ಕೂತುಬಿಟ್ಟ. “ಯಾರು ಹೇಳಿದ್ರು ಇವರಿಗೆ? ನನ್ನ ಕೆಲಸ ಹೋದದ್ದು ಈಗ ಒಂದು ಗಂಟೆಯ ಮೊದಲು.”

ಪೆಟ್ಟಿಗೆ ಅವನದ್ದಾಗಿತ್ತು. ಮೇಜಿನ ಸಾಮಾನು ತುಂಬಿಸಿಕೊಂಡು, ಹೊರಡುವ ಮೊದಲು ಹೇಳಿ ಹೋಗುವ ಅಂತ ಬಂದಿದ್ದ. ಇಡೀ ಸೈಟಿನಲ್ಲಿ ಹೇಳಿ ಹೋಗಲಿಕ್ಕೆ ಅವನಿಗೆ ಇದ್ದದ್ದು ಇವರೊಬ್ಬರೇ.

“ಆ ಲೆಟರ್ ಕೊಡಿ. ಇವತ್ತು ಸಂಜೆಯ ತನಕ ನಾನೇ ಮ್ಯಾನೇಜರ್” ಅಂದ. ಮುದೀರ್ ಹೆಡ್ಡಾಫೀಸು, ಹೆಡ್ಡಾಫೀಸು ಅಂತ ತೊದಲಿದರು. “ಅವರು ನನ್ನನ್ನು ಇನ್ನು ಎಂತ ಮಾಡಬೇಕಂತೆ?” ಅಂತ ಕೇಳಿ, ಮೂರು ಕಾಪಿಗೂ ಸಹಿ ಹಾಕಿದ. ಪೊರ್ಬುಗಳ ಎರಡೂ ಕೈ ಹಿಡಿದುಕೊಂಡು ಅತ್ತ. ಆಮೇಲೆ ನನ್ನ ಹತ್ತಿರ ಒಂದು ಉಪಕಾರ ಕೇಳಿದ. ಇಂಥ ಮಾತು ಅವನಿಗೆ ಯಾರೂ ಹೇಳಿದ್ದಿಲ್ಲವಂತೆ, ಪೊರ್ಬುಗಳು ಹೇಳಿದ್ದನ್ನೆಲ್ಲ ಇಂಗ್ಲಿಷಲ್ಲಿ ಬರೆದು ಕೊಡಬೇಕಂತೆ. ಎರಡು ಪುಟ ಬರೆದೆ. ಮಡಿಸಿ, ಎದೆಯ ಜೇಬಲ್ಲಿ ಇಟ್ಟುಕೊಂಡು ಹೋದ.

ಕಾರು ಗೇಟು ದಾಟಿತು. ಪೊರ್ಬುಗಳು ಲೆಟರನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಏಪ್ರನ್ ಎತ್ತಿ ಧೂಳು ಕೊಡವಿ ಹೇಳಿದರು:

“ಅಲ್ಲ ಅಣ್ಣ, ಅವನ ಅಜ್ಜಿಯ ಅಕ್ಕನ ತನಕ ಬೈದೆ. ಅವ ಸಹಿಯೂ ಹಾಕಿದ, ಕೈಯೂ ಹಿಡಿದ, ಅತ್ತೂ ಬಿಟ್ಟ. ಮೂರು ತಿಂಗಳು ಸುಮ್ಮನೆ ಮೀನು ಹಾಳು ಮಾಡಿದೆನಲ್ಲ ಮಾರಾಯ್ರೆ, ಮೊದಲ ದಿನವೇ ಬೈದಿದ್ರೆ ಆಗ್ತಿತ್ತು!”